ದುಬಿನ್ಕಾ ಫುಟ್‌ಬಾಲ್ ಮನೆತನ

ನಮ್ಮ ಮನೆಯಲ್ಲಿ ಯಾರೂ ಇಲ್ಲವೆಂದು ನನಗೆ ಹೇಳಿದವನು ಹೆಳವರ ಅಂಬಣ್ಣ. ಹೇಳುವಾಗ ಅವನು ನಮ್ಮ ಕಟ್ಟೆಯ ಮೇಲೆ ಕೂತು, ನಾನು ಮಾಡಿಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದ.

“ಅಮೋಘಪ್ಪನವ್ರು ಹೋದ್ರು. ಗಂಡುಸಂತಾನ ಇಲ್ಲ. ಮನ್ಯಾಗ ಯಾರೂ ಇಲ್ಲಂದಮ್ಯಾಗ ಗೆರಿ ಎಳೀಬೇಕಾಗ್ತದ ರೇವತವ್ವ,” ಅಂದ.

“ಮತ್ತ ನಾ ಯಾರು ಕಾಕಾ? ಈ ಚಹಾ ತಾನಽ ಕುದ್ದು ಬಂತೇನು?”

“ನೀ ಇದ್ದೀಯವ್ವ. ಇಲ್ಲಂತ ಯಾರಂದ್ರು? ಮನ್ಯಾಗ ಯಾರೂ ಇಲ್ಲಂದೆ, ಅಷ್ಟ.”

ಇಂಥ ಮಾತಿಗೆ ಏನು ಉತ್ತರ ಕೊಡಬೇಕೆಂದು ಬಿ.ಎಡ್.ನಲ್ಲಿ ಕಲಿಸುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಭೂಗೋಳ ಕಲಿಸುತ್ತಿದ್ದೇನೆ. ಜೇವರ್ಗಿ ಕಾಲೋನಿಯ ಈ ಮನೆಯ ಕರೆಂಟ್ ಬಿಲ್ಲು ನನ್ನ ಹೆಸರಿಗೆ ಬರುತ್ತದೆ. ನೀರು ಬಿಡದಿದ್ದರೆ ಹೋಗಿ ಜಗಳಾಡುವವಳೂ ನಾನೇ. ಆದರೂ ಮನೆಯಲ್ಲಿ ಯಾರೂ ಇಲ್ಲ.

ಹೆಳವರೆಂದರೆ ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು ಓದುವವರು. ನಮ್ಮ ಕಡೆ ಹಳೆಯ ಮನೆಗಳಿಗೆಲ್ಲ ಒಬ್ಬೊಬ್ಬ ಹೆಳವನಿರುತ್ತಾನೆ. ಅಂಬಣ್ಣನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದನಂತೆ, ಅಪ್ಪ ಸೈಕಲ್ ಮೇಲೆ, ಅಂಬಣ್ಣ ಮೊಪೆಡ್ ಮೇಲೆ. ಎತ್ತಿನ ಕೊರಳಲ್ಲಿದ್ದ ಗಂಟೆ ಈಗ ಮೊಪೆಡ್ಡಿನ ಹ್ಯಾಂಡಲ್ಲಿಗಿದೆ. ಹಾರನ್ನು ಕೆಟ್ಟು ಎಷ್ಟೋ ವರ್ಷವಾದ್ದರಿಂದ ಅದು ಎರಡೂ ಕೆಲಸಕ್ಕೆ ಆಗುತ್ತದೆ. ಮೂರು ವರ್ಷಕ್ಕೊಮ್ಮೆ ಹೊತ್ತು ಹುಟ್ಟುವ ಹೊತ್ತಿಗೆ ಕಮಲಾಪುರದಿಂದ ಬಂದು, ಬಾಗಿಲ ಮುಂದೆ ಗಂಟೆ ಬಾರಿಸಿ, ಮೂಲಪುರುಷನಿಂದ ಹಿಡಿದು ಕೊನೆಯ ಕೂಸಿನವರೆಗೆ ಓದಿ, ಹೊಸದಾಗಿ ಹುಟ್ಟಿದವರನ್ನು ಸಂಗಡ ತಂದ ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ಜೋಳ, ಧೋತರ ತೆಗೆದುಕೊಂಡು ಹೋಗುತ್ತಾನೆ. ಓದುವಾಗ ಒಂದು ಹೆಸರು ತಪ್ಪಿದರೂ ಮತ್ತೆ ಮೂಲಪುರುಷನಿಂದ ಶುರು ಮಾಡಬೇಕು. ಇನ್ನು ಬರೆಯುವುದಾದರೆ, ತನಗೆ ಎಷ್ಟೇ ಗೊತ್ತಿದ್ದರೂ ಮನೆಯವರು ಬಾಯಿಬಿಟ್ಟು ಹೇಳದೆ ಒಂದಕ್ಷರ ಬರೆಯುವಂತಿಲ್ಲ. ಗಂಡುಮಕ್ಕಳಿಲ್ಲದೆ ಹೋದ ಮನೆಯ ಕೊನೆಯ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯುತ್ತಾನೆ. ಕಮಲಾಪುರದಲ್ಲಿ ಅವನ ಮನೆಯಲ್ಲಿರುವ ದೊಡ್ಡ ಪುಸ್ತಕದಲ್ಲಿ, ನಮ್ಮೆದುರಿಗೆ ಎಳೆಯುತ್ತಾನೆ. ಆಮೇಲೆ ಆ ಬಾಗಿಲಿಗೆ ಬರುವುದಿಲ್ಲ.

ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ನೆಹರು ಗಂಜ್ ಮಾರುಕಟ್ಟೆಯ ತೊಗರಿ ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಗುಮಾಸ್ತನಾಗಿದ್ದವನು. ಅವನ ಪುಟದಲ್ಲಿ ಹೀಗಿದೆ: ‘ಅಮೋಘಪ್ಪ. ಹೆಂಡತಿ ಮಾಡಿಯಾಳದ ಮನೆಯ ಮಗಳು.’ ಅಷ್ಟೇ. ಆ ಮಾಡಿಯಾಳದ ಮನೆಯ ಮಗಳ ಹೆಸರು ಮಲ್ಕಮ್ಮ, ಅವಳು ನನ್ನವ್ವ. ಮೂವತ್ತು ವರ್ಷ ಅಂಬಣ್ಣನಿಗೆ ಬಿಸಿರೊಟ್ಟಿ ಬಡಿದು ಹಾಕಿದಳು. ಅವಳು ಸತ್ತ ಮೇಲೆ ಬಂದಾಗಲೂ ಅವನು ಏನನ್ನೂ ಬರೆದುಕೊಳ್ಳಲಿಲ್ಲ, ಹೆಂಗಸರ ಸಾವು ಬರೆಯುವ ಪದ್ಧತಿ ಇಲ್ಲ ಅಂದ. ಆಗ ಸುಮ್ಮನಿದ್ದೆ. ಈ ಸಲ ಗೆರೆ ಅಂದಾಗ ಮಾತ್ರ ತಡೆದುಕೊಳ್ಳಲಾಗಲಿಲ್ಲ. ಆ ಗೆರೆ ಬೀಳಬಾರದು, ಈ ಮುದುಕ ಮೂರು ವರ್ಷಕ್ಕೆ ಮತ್ತೆ ನಮ್ಮ ಬಾಗಿಲಿಗೆ ಬಂದು ಗಂಟೆ ಬಾರಿಸಬೇಕು ಎಂದು ಎಷ್ಟು ಅನಿಸಿತೆಂದರೆ, ಓದಿದವಳಾಗಿ ನನಗೇ ನಾಚಿಕೆಯಾಯಿತು.

“ಬಸವ ಜಯಂತಿ ಕಳದಮ್ಯಾಗ ಒಂದು ದಿನ ಕಮಲಾಪುರಕ್ಕ ಬಾ,” ಎಂದು ಅಂಬಣ್ಣ ಎದ್ದ. ಅಷ್ಟರಲ್ಲಿ ಮಾಳಿಗೆಯಿಂದ ವೆಂಡೆಪ್ಪ ಇಳಿದು ಬಂದ.

ವೆಂಡೆಪ್ಪನ ನಿಜವಾದ ಹೆಸರು ವೆಂಡೆಲಿನ್. ಸ್ಲೊವಾಕಿಯಾದವನು, ಅರವತ್ತರ ಹತ್ತಿರದವನು, ಆರೂಕಾಲು ಅಡಿ ಎತ್ತರ. ಸಿಮೆಂಟ್ ಫ್ಯಾಕ್ಟರಿಯೊಂದಕ್ಕೆ ಗಿರಣಿ ಜೋಡಿಸಿಕೊಡಲು ಬಂದು ಒಂದು ವರ್ಷದಿಂದ ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಭಾನುವಾರ ಬಂತೆಂದರೆ ಕಲಬುರಗಿಯ ಬಿಸಿಲಿನಲ್ಲಿ ಕೊರಳಿಗೆ ಹಸಿರು ಉಣ್ಣೆಯ ಶಾಲು ಸುತ್ತಿಕೊಂಡು ಫೋನು ಹಿಡಿದು ಕೂರುತ್ತಿದ್ದ. ದುಬಿನ್ಕಾ ಎಂಬ ಅವನ ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿನ ಆಟ ಅಂದು ಇರುತ್ತಿತ್ತು, ಮತ್ತು ಆ ಕ್ಲಬ್ಬಿಗೆ ಅವನೇ ಕಾರ್ಯದರ್ಶಿ. ಸಾಯಂಕಾಲ ಇಳಿದುಬಂದು “ಸೋತೆವು” ಅನ್ನುತ್ತಿದ್ದ. ಒಂದು ವರ್ಷದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದ ಕನ್ನಡ ಶಬ್ದ ಅದೊಂದೇ.

ಅಂಬಣ್ಣ ಗಂಟೆ ಬಾರಿಸಿ ನಮ್ಮ ಹನ್ನೊಂದು ತಲೆಮಾರು ಓದಿದ್ದನ್ನು ಅವನು ಮೇಲಿನಿಂದ ಕೇಳಿಸಿಕೊಂಡಿದ್ದ. ಇದೇನೆಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ವೆಂಡೆಪ್ಪನ ಕಣ್ಣು ತುಂಬಿ ಬಂತು. ಅವನ ಕ್ಲಬ್ಬಿಗೆ ಬರುವ ಮೇ ತಿಂಗಳಿಗೆ ನೂರು ವರ್ಷವಂತೆ. ಹಬ್ಬದ ದಿನ ಕ್ಲಬ್ಬಿನ ಇತಿಹಾಸ ಓದುತ್ತೇನೆಂದು ಊರಿಗೆಲ್ಲ ಮಾತು ಕೊಟ್ಟು ಕೂತಿದ್ದಾನೆ. ಆದರೆ ಹಿಂದೊಮ್ಮೆ ಹೊಳೆ ಬಂದು ಕ್ಲಬ್ಬಿನ ಕಾಗದಪತ್ರವೆಲ್ಲ ಕೊಚ್ಚಿಕೊಂಡು ಹೋಗಿದೆ. ಗೋಲುಗಳ ಲೆಕ್ಕವೊಂದು ಉಳಿದಿದೆ, ಅದು ಊರಿನ ಸಾರಾಯಿ ಅಂಗಡಿಯ ಗೋಡೆಯ ಮೇಲೆ ಎತ್ತರದಲ್ಲಿ ಬರೆದದ್ದಕ್ಕೆ. ಮಿಕ್ಕಿದ್ದೆಲ್ಲ ಅವನ ಅಜ್ಜ ಹೇಳಿದ್ದು, ತಲೆಯಲ್ಲಿದೆ. ಬರೆಯಲು ಕೂತರೆ ಒಂದು ಸಾಲೂ ಬರುವುದಿಲ್ಲ.

“ಈತ ನಮ್ಮ ಕ್ಲಬ್ಬನ್ನು ಬರೆಯುತ್ತಾನೆಯೇ?” ಎಂದು ಕೇಳಿದ.

ನಾನು ಅಂಬಣ್ಣನಿಗೆ ತಿಳಿಸಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ. ಅವನು ಮತ್ತೆ ಕಟ್ಟೆಯ ಮೇಲೆ ಕೂತ.

“ನೂರು ವರ್ಷದ ಮನಿ ಅಂತಿ. ಸೂತಕ ಎಷ್ಟು ದಿನ ಹಿಡಿತಾರ?”

“ಸೋತ್ರ ಒಂದು ವಾರ ಮಾತಾಡಂಗಿಲ್ಲಂತ ಕಾಕಾ.”

“ಅಡ್ಡಿಯಿಲ್ಲ. ಬರಿತೀನಿ.”

ಎಂಟು ಬೆಳಗು ನಡೆಯಿತು ಈ ಕೆಲಸ, ನಾನು ಶಾಲೆಗೆ ಹೋಗುವ ಮುಂಚೆ. ಅಂಬಣ್ಣ ನಗರದಲ್ಲಿ ತಂಗಿಯ ಮನೆಯಲ್ಲಿ ಉಳಿದುಕೊಂಡ. ವೆಂಡೆಪ್ಪ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳುವುದು, ನಾನು ನನ್ನ ಪಠ್ಯಪುಸ್ತಕದ ಇಂಗ್ಲಿಷಿನಿಂದ ಅದನ್ನು ಕನ್ನಡಕ್ಕೆ ತರುವುದು, ಅಂಬಣ್ಣ ಅದನ್ನು ಹೆಳವರ ಪದ್ಧತಿಗೆ ಇಳಿಸಿ ಬರೆಯುವುದು. ಫುಟ್‌ಬಾಲ್ ಎಂದರೆ ಏನೆಂದು ಅಂಬಣ್ಣ ಒಮ್ಮೆಯೂ ಕೇಳಲಿಲ್ಲ. ಆ ಮನೆಯವರ ಉದ್ಯೋಗ ಏನಾದರೂ ಇರಲಿ, ವಂಶಾವಳಿಗೆ ಅದರಿಂದೇನು ಎಂಬುದು ಅವನ ನಿಲುವು.

ಮೊದಲ ದಿನವೇ ತಕರಾರು ಬಂತು. ಕ್ಲಬ್ಬನ್ನು ಕಟ್ಟಿದವರು ಮೂವರು: ಪ್ಲಮ್ ಹಣ್ಣಿನ ಸಾರಾಯಿ ಕಾಸುವ ಒಬ್ಬ, ಟಪಾಲಿನವ ಒಬ್ಬ, ಚರ್ಚಿನಲ್ಲಿ ಆರ್ಗನ್ ಪೆಟಿಗಿ ಬಾರಿಸುವ ಒಬ್ಬ.

“ಮೂಲಪುರುಷ ಒಬ್ಬನಽ ಇರಬೇಕು,” ಅಂದ ಅಂಬಣ್ಣ. “ಮೂರು ಮಂದಿ ಅಪ್ಪಂದಿರು ಇರೋ ಮನಿ ನಾ ಬರಿಯಂಗಿಲ್ಲ. ನಾಕು ಮಂದಿ ಕೇಳಿದ್ರ ಏನಂತಾರ?”

ವೆಂಡೆಪ್ಪ ಬಹಳ ಹೊತ್ತು ಯೋಚಿಸಿ ಸಾರಾಯಿಯವನನ್ನು ಅಪ್ಪನನ್ನಾಗಿ ಮಾಡಿದ, ಮಿಕ್ಕ ಇಬ್ಬರನ್ನು ತಮ್ಮಂದಿರನ್ನಾಗಿ. ಅಂಬಣ್ಣ ‘ಹಣ್ಣಿನ ರಸದ ವ್ಯಾಪಾರ’ ಎಂದು ಬರೆದುಕೊಂಡ. ಮೂಲಪುರುಷರ ವಿಷಯದಲ್ಲಿ ಅಷ್ಟು ಮರ್ಯಾದೆಯನ್ನು ಅವನು ಎಲ್ಲರಿಗೂ ಕೊಡುತ್ತಾನೆ. ನಮ್ಮ ಮೂಲಪುರುಷನನ್ನು ದಂಡಿನಲ್ಲಿದ್ದ ವೀರ ಎಂದು ಬರೆದಿದ್ದಾನೆ. ಅಪ್ಪ ಹೇಳುತ್ತಿದ್ದ ಪ್ರಕಾರ ಅವನು ದಂಡಿನ ಕುದುರೆ ಕದ್ದು ಓಡಿಬಂದವನು.

ಎರಡನೆಯ ದಿನ ಹೆಸರಿನ ತೊಂದರೆ. ಸರಕಾರ ಬದಲಾದಾಗಲೆಲ್ಲ ಕ್ಲಬ್ಬಿನ ಹೆಸರೂ ಬದಲಾಗಿದೆ, ಒಟ್ಟು ಏಳು ಸಲ. ದೇಶದ ಹೆಸರು ನಾಲ್ಕೈದು ಸಲ ಬದಲಾಗಿದೆ. ಮೈದಾನ ಮಾತ್ರ ಒಂದು ಗೇಣೂ ಅಲುಗದೆ ಇದ್ದಲ್ಲೇ ಇದೆ. ಇದನ್ನು ಹೇಗೆ ವಿವರಿಸಲಿ ಎಂದು ನನಗೆ ಬೆವರು. ಅಂಬಣ್ಣನಿಗೆ ಏನೂ ಅನಿಸಲಿಲ್ಲ.

“ಇದರಾಗೇನದ? ನಮ್ಮಜ್ಜ ನಿಜಾಮನ ರಾಜ್ಯದಾಗ ಹುಟ್ಟಿ, ಮೈಸೂರು ರಾಜ್ಯದಾಗ ಮೊಮ್ಮಕ್ಕಳನ್ನ ಆಡಿಸಿ, ಕರ್ನಾಟಕದಾಗ ಸತ್ತ. ಇದ್ದ ಮನಿ ಬದಲಿಸಿದ್ದಿಲ್ಲ. ಮನಿ ಒಂದಽ, ಅಡ್ಡಹೆಸರು ಏಳು ಅಂತ ಬರಿತೀನಿ.”

ಪಕ್ಕದ ರೊವಿನ್ಕಾ ಎಂಬ ಊರಿನ ಕ್ಲಬ್ಬಿನವರು ಒಂದು ಸೈಕಲ್ ಕೊಟ್ಟು ದುಬಿನ್ಕಾದ ಒಳ್ಳೆಯ ಆಟಗಾರನೊಬ್ಬನನ್ನು ಕರೆದುಕೊಂಡು ಹೋದದ್ದು ಪುಸ್ತಕದಲ್ಲಿ ‘ಮನೆಅಳಿಯನಾಗಿ ಹೋದನು’ ಎಂದಾಯಿತು. ಮೈದಾನ ಒಂದು ಕಡೆಗೆ ಇಳಿಜಾರಾಗಿದೆ ಎಂದಾಗ ಅಂಬಣ್ಣ ಮಳೆನೀರು ಯಾವ ದಿಕ್ಕಿಗೆ ಹರಿಯುತ್ತದೆಂದು ಕೇಳಿ, ಈಶಾನ್ಯಕ್ಕೆ ಎಂದು ತಿಳಿದು, ಶುಭ ಎಂದು ತಲೆಯಾಡಿಸಿದ. ಅಷ್ಟು ಶುಭವಿದ್ದೂ ಇವರು ಯಾಕೆ ಸೋಲುತ್ತಾರೆ ಎಂದು ನಾನು ಕೇಳಲಿಲ್ಲ.

ನಾಲ್ಕನೆಯ ದಿನ ನನಗೆ ನಿಜವಾಗಿ ಸಿಟ್ಟು ಬಂತು. ಗೋಲುಗಳ ಲೆಕ್ಕ ಬರೆಸುವ ದಿನ. ಗೋಲು ಎಂದರೇನು ಎಂದು ಅಂಬಣ್ಣ ಕೇಳಿದ. ಇವರು ಅವರ ಮನೆಯೊಳಗೆ ಚೆಂಡು ಹಾಕಿದರೆ ಇವರಿಗೆ ಲಾಭ, ಅವರು ಇವರ ಮನೆಯೊಳಗೆ ಹಾಕಿದರೆ ಅವರಿಗೆ ಲಾಭ ಎಂದೆ.

“ತಿಳೀತು ಬಿಡು,” ಅಂದ. “ಹೊಡದದ್ದು ಗಂಡು. ಬಿಟ್ಟದ್ದು ಹೆಣ್ಣು.”

“ಅದ್ಹೆಂಗ ಕಾಕಾ?”

“ಮತ್ತೇನವ್ವ? ಗಂಡು ಹುಟ್ಟಿದ್ರ ನಮ್ಮ ಮನಿಗಿ. ಹೆಣ್ಣು ಹುಟ್ಟಿದ್ರ ಮಂದಿ ಮನಿಗಿ.”

ನಾನು ಅವನ ಪೆನ್ನು ಕಿತ್ತು ಒಗೆಯುವುದೊಂದು ಬಾಕಿ. ವೆಂಡೆಪ್ಪ ಮಾತ್ರ ಗೋಡೆಯ ಲೆಕ್ಕವನ್ನು ಬಾಯಿಪಾಠ ಒಪ್ಪಿಸುತ್ತ ಕೂತಿದ್ದ. ದುಬಿನ್ಕಾದವರು ನೂರು ವರ್ಷದಲ್ಲಿ ಹೊಡೆದ ಗೋಲು ಎರಡು ಸಾವಿರದ ನಾಲ್ಕುನೂರ ಹನ್ನೊಂದು, ಬಿಟ್ಟ ಗೋಲು ಐದು ಸಾವಿರದ ಆರು. ರೊವಿನ್ಕಾದವರ ಕೈಯಲ್ಲಿ ಒಂದೇ ಮಧ್ಯಾಹ್ನ ಹದಿನಾಲ್ಕು ಬಿಟ್ಟಿದ್ದರು. ‘ಒಂದೇ ದಿನ ಹದಿನಾಲ್ಕು ಹೆಣ್ಣು’ ಎಂದು ಬರೆದುಕೊಂಡು ಅಂಬಣ್ಣ ವೆಂಡೆಪ್ಪನ ಮುಖವನ್ನು ಕನಿಕರದಿಂದ ನೋಡಿದ. ಅವನ ಬೆನ್ನು ಸವರಿ, “ದೇವರು ಅದಾನಪ್ಪ,” ಅಂದ.

ಆರನೆಯ ದಿನ ಯುದ್ಧ ಬಂತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಊರಿನ ಗಂಡಸರು ಕೆಲವರು ಸತ್ತರು, ಕೆಲವರು ಗುಡ್ಡ ಸೇರಿದರು, ಕೆಲವರನ್ನು ಸೈನಿಕರು ಹಿಡಿದುಕೊಂಡು ಹೋದರು. ಗೋಲಿನ ಕಂಬಗಳನ್ನು ಚಳಿಗಾಲದಲ್ಲಿ ಯಾರೋ ಒಲೆಗೆ ಹಾಕಿಕೊಂಡರು. ಐದು ವರ್ಷ ಆಟವಿಲ್ಲ. ಆಮೇಲೆ ಉಳಿದವರು ಸೇರಿ ಮತ್ತೆ ಶುರುಮಾಡಿದರು.

“ಆ ಐದು ವರ್ಷ ಮನ್ಯಾಗ ದೀಪ ಹಚ್ಚಾವ್ರು ಯಾರು?” ಅಂಬಣ್ಣ ಕೇಳಿದ.

ನಾನು ವೆಂಡೆಪ್ಪನನ್ನು ಕೇಳಿದೆ. ಯಾರೂ ಇಲ್ಲ, ಬರೀ ಹುಲ್ಲು ಬೆಳೆಯಿತು, ಅಂದ.

ಅಂಬಣ್ಣ ಕಪ್ಪು ಪೆನ್ನಿಗೆ ಟೋಪಿ ಹಾಕಿದ. ಅಂಗಿಯ ಕಿಸೆಯಿಂದ ಕೆಂಪು ಪೆನ್ನು ತೆಗೆದ. “ಹಂಗಾದ್ರ ಇದು ಮುಚ್ಚಿದ ಮನಿ. ಮುಂದ ಬಂದಾವ್ರು ಬ್ಯಾರೆ ಮನಿಯವ್ರು. ನೂರು ವರ್ಷ ಆಗಂಗಿಲ್ಲ. ಇಲ್ಲಿಗಿ ಗೆರಿ.”

ಕೆಂಪು ಪೆನ್ನು ಎಂದರೇನೆಂದು ಯಾವ ಭಾಷೆಯವನಿಗೂ ಹೇಳಿಕೊಡಬೇಕಾಗಿಲ್ಲ. ವೆಂಡೆಪ್ಪನ ಮುಖ ಬಿಳಿಚಿಕೊಂಡಿತು. ಆರೂಕಾಲು ಅಡಿಯ ಮನುಷ್ಯ ಕೊರಳಿನ ಶಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ಅವನನ್ನು ನೋಡಿ ನನಗೆ ಪಾಪ ಅನಿಸಿತು. ಅದಕ್ಕಿಂತ ಹೆಚ್ಚಾಗಿ ಆ ಪೆನ್ನನ್ನು ನೋಡಿ ಸಿಟ್ಟು ಬಂತು. ಇದೇ ಪೆನ್ನು ನನ್ನ ಮನೆಗೂ ಬರುವುದಿತ್ತು.

“ತಡೀ ಕಾಕಾ,” ಅಂದೆ. “ನನಗ ತಪ್ಪು ತಿಳದಿತ್ತು. ದೀಪ ಹಚ್ಚಾಕಿ ಒಬ್ಬಾಕಿ ಇದ್ದಳಂತ.”

“ಹೆಂಗಸಾ?”

“ಹೂಂ. ಆಟಗಾರರ ಅರಿವಿ ಒಗ್ಯಾಕಿ. ಗಂಡಸರು ಯಾರೂ ಇಲ್ಲದಾಗ ಚೆಂಡು ತನ್ನ ಮನ್ಯಾಗ ಮುಚ್ಚಿಟ್ಟಳಂತ. ತೊಗರಿ ಚೀಲದಾಗ. ದಿನಾ ಸಂಜಿಗಿ ಮೈದಾನದಾಗ ಹೋಗಿ ಕಂದೀಲು ಹಚ್ಚಿ ಬರ್ತಿದ್ದಳಂತ. ಐದು ವರ್ಷ. ಆಮ್ಯಾಗ ಉಳದವ್ರು ಬಂದಾಗ ಚೆಂಡು ತಗದು ಅವರ ಕೈಯಾಗ ಕೊಟ್ಟಳು.”

ಇದರಲ್ಲಿ ಒಂದಕ್ಷರ ನಿಜವಿಲ್ಲ. ಬಾಯಿಗೆ ಹೇಗೆ ಬಂತೋ ಹಾಗೆ ಹೇಳಿದೆ. ಸ್ಲೊವಾಕಿಯಾದಲ್ಲಿ ತೊಗರಿ ಬೆಳೆಯುವುದಿಲ್ಲವೆಂದು ಭೂಗೋಳದ ಟೀಚರಿಗೆ ಗೊತ್ತಿರಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಅವ್ವ ಬಚ್ಚಿಡುವುದೆಲ್ಲ ತೊಗರಿ ಚೀಲದಲ್ಲೇ ಇರುತ್ತಿತ್ತು, ನನ್ನ ಕಾಲೇಜಿನ ಅರ್ಜಿಯಿಂದ ಹಿಡಿದು. ಕಲಬುರಗಿಯವರಿಗೆ ಬಚ್ಚಿಡಲು ಬೇರೆ ಜಾಗವೇ ನೆನಪಾಗುವುದಿಲ್ಲ.

ಅಂಬಣ್ಣ ಕನ್ನಡಕದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿದ.

“ಹೆಸರು?”

“ಮಲ್ಕಾ.”

ಕೆಂಪು ಪೆನ್ನನ್ನು ಕಿಸೆಗೆ ಹಾಕಿ, ಕಪ್ಪು ಪೆನ್ನು ತೆಗೆದು ಬರೆದುಕೊಂಡ. ನೀನು ಏನು ಹೇಳಿದೆ, ಆತ ಯಾಕೆ ಮನಸ್ಸು ಬದಲಿಸಿದ ಎಂದು ವೆಂಡೆಪ್ಪ ಕೇಳಿದಾಗ, ಯುದ್ಧ ಬಹಳ ದೊಡ್ಡದಿತ್ತು ಎಂದು ತಿಳಿಸಿ ಹೇಳಿದೆ ಅಂದೆ. ಅವನು ನನ್ನ ಎರಡೂ ಕೈ ಹಿಡಿದು ಅಲುಗಾಡಿಸಿದ.

ಗಿರಣಿ ಜೋಡಿಸಿ ಮುಗಿದು ವೆಂಡೆಪ್ಪ ಮಾರ್ಚಿನಲ್ಲಿ ಊರಿಗೆ ಹೋದ. ನೂರನೆಯ ವರ್ಷದ ಹಬ್ಬದ ದಿನ ಅಂಬಣ್ಣ ಕಮಲಾಪುರದಿಂದಲೇ ವಿಡಿಯೊ ಕಾಲಿನಲ್ಲಿ ಓದುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು, ಅಲ್ಲಿ ವೆಂಡೆಪ್ಪ ತನ್ನ ಭಾಷೆಗೆ ತಿರುಗಿಸುವುದು ಎಂದಾಯಿತು. ನಮ್ಮ ಮನೆಗೆ ಗೆರೆ ಎಳೆಯುವುದನ್ನೂ ಅಂಬಣ್ಣ ಅದೇ ದಿನಕ್ಕೆ ಇಟ್ಟ. ಎರಡು ಸಲ ಪುಸ್ತಕ ಬಿಚ್ಚುವುದು ಯಾಕೆ ಅಂದ.

ಹೊತ್ತಿನ ವಿಷಯಕ್ಕೆ ಒಂದು ವಾರ ಚರ್ಚೆಯಾಯಿತು. ವಂಶಾವಳಿಯನ್ನು ಓದಬೇಕಾದದ್ದು ಹೊತ್ತು ಹುಟ್ಟುವಾಗ. ನಮ್ಮಲ್ಲಿ ಹೊತ್ತು ಹುಟ್ಟಿದಾಗ ಅಲ್ಲಿ ಎಲ್ಲರೂ ನಿದ್ದೆಯಲ್ಲಿರುತ್ತಾರೆ ಎಂದು ನಾನು ಗ್ಲೋಬು ತಂದು ತಿರುಗಿಸಿ ತೋರಿಸಿದೆ. ಅಂಬಣ್ಣ ಗ್ಲೋಬನ್ನು ನೋಡಲೇ ಇಲ್ಲ. “ಯಾರ ಮನಿ ಓದ್ತೀವೋ ಅವರ ಬಾಗಿಲಿಗಿ ಹೊತ್ತು ಹುಟ್ಟಬೇಕು. ನಮ್ಮ ಹೊತ್ತು ತಗೊಂಡು ಅವರೇನ್ಮಾಡ್ತಾರ?” ಅಂದ. ಅಲ್ಲಿಯ ಬೆಳಗಿನ ಐದು ಗಂಟೆ, ಇಲ್ಲಿಯ ಎಂಟೂವರೆ ಎಂದು ಗೊತ್ತುಮಾಡಿದೆವು.

ಮೇ ಕೊನೆಯ ಭಾನುವಾರ ಹಮೀದ್‌ಭಾಯ್ ಆಟೋದಲ್ಲಿ ಕಮಲಾಪುರಕ್ಕೆ ಹೊರಟೆ. ಹಮೀದ್‌ಭಾಯ್ ಐವಾನ್-ಎ-ಶಾಹಿ ಬಡಾವಣೆಯ ಕಡೆಯವನು, ನನ್ನನ್ನು ಶಾಲೆಗೆ ಬಿಡುವವನು. ಕಾಲಿಟ್ಟುಕೊಳ್ಳುವಲ್ಲಿ ಒಂದು ಚೀಲ ಜೋಳ, ಮಡಿಲಲ್ಲಿ ಒಂದು ಧೋತರ. ನಮ್ಮ ಮನೆ ಮುಚ್ಚುವುದಕ್ಕೆ ನಾನೇ ಕೊಡಬೇಕಾದ ಕಾಣಿಕೆ.

“ಟೀಚರಮ್ಮ, ಫುಟ್‌ಬಾಲ್ ನಾನೂ ಆಡೀನಿ,” ಅಂದ ಹಮೀದ್‌ಭಾಯ್ ದಾರಿಯಲ್ಲಿ. “ಮಗರ್ ಅದರಾಗ ಸೊಸಿ, ಅಳಿಯ, ಹೆಣ್ಣು, ಗಂಡು ಎಲ್ಲಿಂದ ಬಂದ್ರು? ಹಮಾರೆ ಜಮಾನೆ ಮೆ ತೋ ಹನ್ನೊಂದು ಮಂದಿ ಇದ್ರು, ಅಷ್ಟ.”

“ನೀವು ಸುಮ್ಮ ಫೋನ್ ಹಿಡೀರಿ ಸಾಕು,” ಅಂದೆ.

ಅಂಬಣ್ಣನ ಪಡಸಾಲೆಯಲ್ಲಿ ಕಂಬಳಿ ಹಾಸಿ ಅದರ ಮೇಲೆ ದೊಡ್ಡ ಪುಸ್ತಕ ಇಟ್ಟಿದ್ದರು. ಅಂಬಣ್ಣನ ಹೆಂಡತಿ ಸೂಗಮ್ಮ ಒಂದು ಪರಾತದ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿಟ್ಟಳು. ಅಂಬಣ್ಣ ರುಮಾಲು ಸುತ್ತಿಕೊಂಡಿದ್ದ, ಅಂಗಿಯ ಬದಲು ವೆಂಡೆಪ್ಪ ಹೋಗುವಾಗ ಕಾಣಿಕೆ ಕೊಟ್ಟಿದ್ದ ದುಬಿನ್ಕಾದ ಹಸಿರು ಜರ್ಸಿ ತೊಟ್ಟಿದ್ದ. ಬೆನ್ನ ಮೇಲೆ ಒಂಬತ್ತನೆಯ ನಂಬರು. ಮನೆಯವರು ಕೊಟ್ಟ ಬಟ್ಟೆಯನ್ನು ಆ ಮನೆ ಓದುವ ದಿನ ಹೆಳವ ಉಡಲೇಬೇಕು.

ಫೋನಿನಲ್ಲಿ ದುಬಿನ್ಕಾ ಕಾಣಿಸಿತು. ನಿಜವಾಗಿಯೂ ಇಳಿಜಾರು ಮೈದಾನ. ನಲವತ್ತು ಮಂದಿ ಚಳಿಗೆ ಕೋಟು ಹಾಕಿಕೊಂಡು ಮರದ ಬೆಂಚುಗಳ ಮೇಲೆ ಕೂತಿದ್ದರು. ಅಂಬಣ್ಣ ಗಂಟೆ ಬಾರಿಸಿದ. ಅಲ್ಲಿ ಎಲ್ಲರೂ ಟೋಪಿ ತೆಗೆದರು, ಯಾರು ಹೇಳಿಕೊಟ್ಟರೋ.

ಓದು ಶುರುವಾಯಿತು. ಹಣ್ಣಿನ ರಸದ ವ್ಯಾಪಾರಿ, ಅವನ ಇಬ್ಬರು ತಮ್ಮಂದಿರು, ಮಕ್ಕಳು, ಅಡ್ಡಹೆಸರುಗಳು, ಒಂದೇ ದಿನ ಹದಿನಾಲ್ಕು ಹೆಣ್ಣು. ಯುದ್ಧದ ಭಾಗ ಬಂತು. ಮುಂದಿನ ಹೆಸರು ಮಲ್ಕಾ. ಅಲ್ಲಿ ಕೂತವರಲ್ಲಿ ಆ ಕಾಲವನ್ನು ಕಂಡ ಮುದುಕರಿದ್ದರು. ಅಂಬಣ್ಣ ಅವಳ ಕಥೆ ಓದಿದ. ನಾನು ‘ಆಮೇಲೆ ಯುದ್ಧ ಮುಗಿದು ಮತ್ತೆ ಆಟ ಶುರುವಾಯಿತು’ ಎಂದು ಇಂಗ್ಲಿಷಿನಲ್ಲಿ ದಾಟಿಸಿಬಿಟ್ಟೆ.

ಅಂಬಣ್ಣ ನಿಲ್ಲಿಸಿದ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಐವತ್ತು ವರ್ಷ ಹೆಸರುಗಳನ್ನೇ ಓದಿ ಪಳಗಿದ ಕಿವಿ.

“ಒಂದು ಹೆಸರು ಬಿಟ್ಟಿ.”

“ಇಲ್ಲ ಕಾಕಾ.”

“ಬಿಟ್ಟಿ ಯವ್ವಾ. ಮೊದಲಿಂದ.”

ಮತ್ತೆ ಗಂಟೆ. ಮತ್ತೆ ಹಣ್ಣಿನ ರಸದ ವ್ಯಾಪಾರಿ. ದುಬಿನ್ಕಾದವರು ಮತ್ತೆ ಟೋಪಿ ತೆಗೆದರು, ಇದೂ ಪದ್ಧತಿ ಅಂದುಕೊಂಡಿರಬೇಕು. ಎರಡನೆಯ ಸಲ ನಾನು ‘ಒಬ್ಬ ಹೆಂಗಸು’ ಎಂದೆ, ಹೆಸರು ಹೇಳಲಿಲ್ಲ. ಮತ್ತೆ ಮೊದಲಿಂದ. ಹಮೀದ್‌ಭಾಯ್ ಫೋನು ಹಿಡಿದ ಕೈ ಬದಲಿಸಿ, “ಬೋಲ್ ದೋ ಟೀಚರಮ್ಮ, ಕೈ ಸೋತು ಬಂದಾವ,” ಅಂದ.

ಮೂರನೆಯ ಸಲ ಹೇಳಿದೆ. ಮಲ್ಕಾ ಎಂಬುವಳು, ಅರಿವೆ ಒಗೆಯುವವಳು, ಕಂದೀಲು, ಚೀಲದಲ್ಲಿ ಚೆಂಡು, ಐದು ವರ್ಷ. ವೆಂಡೆಪ್ಪ ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನು ನೋಡಿದ. ಇದು ತಾನು ಹೇಳಿದ್ದಲ್ಲ ಎಂದು ಅವನಿಗೆ ಗೊತ್ತು. ನಾನು ಕಣ್ಣು ತಗ್ಗಿಸಿದೆ. ಅವನು ಶಾಲು ಸರಿಮಾಡಿಕೊಂಡು, ಮಂದಿಯ ಕಡೆ ತಿರುಗಿ ತನ್ನ ಭಾಷೆಯಲ್ಲಿ ಹೇಳಿದ.

ನನ್ನ ಮಾನ ಎರಡು ಖಂಡದಲ್ಲಿ ಹೋಯಿತು ಅಂದುಕೊಂಡೆ.

ಆಗ ಮುಂದಿನ ಬೆಂಚಿನಿಂದ ತೊಂಬತ್ತು ದಾಟಿದ ಮುದುಕನೊಬ್ಬ ಕೋಲೂರಿ ಎದ್ದ. ಇಮ್ರಿಖ್ ಎಂದು ಅವನ ಹೆಸರು. ಏನೋ ಹೇಳಿದ. ವೆಂಡೆಪ್ಪ ತಿರುಗಿಸಿದ: “ಆಕೆ ನನಗೆ ನೆನಪಿದ್ದಾಳೆ ಅನ್ನುತ್ತಾನೆ. ಹೌದು, ಕಾಳಿನ ಚೀಲ. ಒಂದು ಸಲ ನನಗೆ ಬಿಸಿ ಸಾರು ಕೊಟ್ಟಿದ್ದಳು ಅನ್ನುತ್ತಾನೆ.”

ಹಿಂದಿನಿಂದ ಒಬ್ಬಳು ಮುದುಕಿ ಎದ್ದು, ಮಲ್ಕಾ ತನ್ನ ಅಜ್ಜಿಯ ಓಣಿಯವಳು, ಚರ್ಚಿನ ಹಿಂದೆ ಮನೆ ಅಂದಳು. ಇಮ್ರಿಖ್ ಅದನ್ನು ಒಪ್ಪಲಿಲ್ಲ, ಸೇತುವೆಯ ಹತ್ತಿರ ಅಂದ. ಮೂರನೆಯವನು ಅವಳು ಬಹಳ ಸಿಟ್ಟಿನ ಹೆಂಗಸು, ಆದರೆ ಮನಸ್ಸು ಒಳ್ಳೆಯದು ಅಂದ. ಅದು ನನ್ನವ್ವನೇ. ಚರ್ಚಿನ ಹಿಂದೋ ಸೇತುವೆಯ ಹತ್ತಿರವೋ ಎಂದು ಜಗಳ ಜೋರಾಗಿ, ಕೊನೆಗೆ ಅಧ್ಯಕ್ಷ ಎದ್ದು ಕೈ ಎತ್ತಿದ. ಹೊಸದಾಗಿ ಹಾಕಿದ ಬೆಂಚುಗಳ ಸಾಲಿಗೆ ಮಲ್ಕಾ ಎಂದು ಹೆಸರಿಡೋಣ ಅಂದ. ಆಮೇಲೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ತಲೆತಗ್ಗಿ ಸುಮ್ಮನಾದರು.

ಅವ್ವ ಸತ್ತ ದಿನ ಅಪ್ಪನ ಅಡತಿಯ ಬಾಗಿಲು ಸಹ ಮುಚ್ಚಿರಲಿಲ್ಲ. ಈಗ ಬೆಳಗಿನ ಐದು ಗಂಟೆಯ ಚಳಿಯಲ್ಲಿ ನಲವತ್ತು ಮಂದಿ ಅವಳ ಹೆಸರಿಗೆ ಎದ್ದು ನಿಂತಿದ್ದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಸೂಗಮ್ಮ ಬಂದು ಪಕ್ಕದಲ್ಲಿ ಕೂತಳು. ಹಮೀದ್‌ಭಾಯ್ ಫೋನನ್ನು ಅಲುಗಿಸದೆ ಹಿಡಿದುಕೊಂಡು ನಿಂತಿದ್ದ.

ಫೋನು ಮುಗಿದ ಮೇಲೆ ಅಂಬಣ್ಣ ಪುಟ ತಿರುವಿದ. ನಮ್ಮ ಮನೆಯ ಪುಟ ಬಂತು. ಪಕ್ಕದಲ್ಲಿ ಎರಡೂ ಪೆನ್ನು ಇಟ್ಟುಕೊಂಡಿದ್ದ. ನಾನು ಜೋಳದ ಚೀಲ, ಧೋತರ ಮುಂದಕ್ಕೆ ಸರಿಸಿದೆ.

“ಕಾಕಾ, ಆಕಿ ಸುಳ್ಳು,” ಅಂದೆ. “ಮಲ್ಕಾ ಅನ್ನಾಕಿ ಯಾರೂ ಇದ್ದಿಲ್ಲ. ನಾನಽ ಹೇಳಿದ್ದು.”

“ಗೊತ್ತದ.”

“ಗೊತ್ತಿತ್ತು, ಮತ್ತ ಯಾಕ ಬರದಿ?”

“ಪ್ರತಿಯೊಂದು ಮನ್ಯಾಗೂ ಒಬ್ಬರನ್ನ ಹಿಂಗ ಬರಸ್ತಾರವ್ವ. ನಿಮ್ಮ ದಂಡಿನ ವೀರ ಇಲ್ಲೇನು?” ಅಂಬಣ್ಣ ಕನ್ನಡಕ ತೆಗೆದು ಜರ್ಸಿಯ ತುದಿಯಿಂದ ಒರೆಸಿದ. “ನಾ ಬ್ಯಾರೆ ಒಂದು ವಿಚಾರ ಮಾಡಾಕತ್ತೀನಿ. ಎಂಟು ದಿನ ಬರದೀನಿ ಆ ಮನಿ. ಗಂಡು ಎರಡು ಸಾವಿರ. ಹೆಣ್ಣು ಐದು ಸಾವಿರ. ಹೆಣ್ಣಽ ಹೆಣ್ಣು. ನಮ್ಮಪ್ಪ ಹೇಳತಿದ್ದ, ಹೆಣ್ಣು ಹೆಚ್ಚಾದ್ರ ಮನಿ ಮುಚ್ಚತದ ಅಂತ. ಐದು ಸಾವಿರ ಹೆಣ್ಣು ಹುಟ್ಟಿದ ಮನಿ ನೂರು ವರ್ಷ ನಿಂತದ. ನಾನಽ ಓದೀನಿ, ಈಗಽ, ಮೂರು ಸಲ. ನಮ್ಮಪ್ಪನ ಲೆಕ್ಕ ಎಲ್ಲೋ ತಪ್ಪೇದ.”

ಭೂಗೋಳದಲ್ಲೂ ಇಲ್ಲ, ಫುಟ್‌ಬಾಲಿನಲ್ಲೂ ಇಲ್ಲ ಇಂಥ ಲೆಕ್ಕ. ಸೂಗಮ್ಮ ಮಾತ್ರ ಬಾಳೆಹಣ್ಣು ಸುಲಿಯುತ್ತ, “ಐವತ್ತು ವರ್ಷ ಬೇಕಾತು ಈ ಮನಷ್ಯಾಗ,” ಅಂದಳು.

ಅಂಬಣ್ಣ ಅವಳ ಮಾತನ್ನು ಕೇಳಿಸಿಕೊಳ್ಳದವನಂತೆ ಮಾಡಿ, ಕೆಂಪು ಪೆನ್ನನ್ನು ದೂರ ಸರಿಸಿ ಕಪ್ಪು ಪೆನ್ನಿನ ಟೋಪಿ ತೆಗೆದ. ಅಪ್ಪನ ಹೆಸರಿನ ಮುಂದೆ ಬೆರಳಿಟ್ಟ.

“ಇಲ್ಲಿ ಮಾಡಿಯಾಳದ ಮನೆಯ ಮಗಳು ಅಂತದ. ಹೆಸರು ಬಿಟ್ಟದ. ಏನು ಹೆಸರು?”

“ನಿನಗ ಗೊತ್ತಿಲ್ಲೇನು ಕಾಕಾ? ಮೂವತ್ತು ವರ್ಷ ಆಕಿ ಕೈಯಾಗಿನ ರೊಟ್ಟಿ ತಿಂದೀದಿ.”

“ನನಗ ಗೊತ್ತಿದ್ರ ನಡಿಯಂಗಿಲ್ಲ ಯವ್ವಾ,” ಅಂದ ಅಂಬಣ್ಣ ಪೆನ್ನು ಹಿಡಿದುಕೊಂಡು. “ಮನಿಯವ್ರು ಹೇಳಬೇಕು.”

ನಾನು ಹೇಳಿದೆ.